ಎರಡು ಬೆರಳು ಬಲಕ್ಕೆ

"ನಿನ್ನ ಯಂತ್ರಕ್ಕೆ ಮೆಳ್ಳೆಗಣ್ಣು ಕಣೋ," ಅಂದಳು ಅಕ್ಕ. "ಪೀಪಾಯಿ ಇರೋದು ಆ ಕಡೆ, ಇದು ನೋಡ್ತಿರೋದು ಈ ಕಡೆ. ಪರೀಕ್ಷೇಲಿ ಪಕ್ಕದವನ ಪೇಪರ್ ನೋಡೋ ಹುಡುಗನ ಹಾಗೆ."

ದೋಣಿಯ ಚುಕ್ಕಾಣಿ ಕೋಣೆಯಲ್ಲಿ ಇಬ್ಬರು ನಿಲ್ಲುವಷ್ಟು ಜಾಗ. ನಾವು ನಾಲ್ವರು ನಿಂತಿದ್ದೆವು. ಎದುರಿಗೆ ಚುಕ್ಕಾಣಿಯ ಚಕ್ರ, ಪಕ್ಕದಲ್ಲಿ ಹೊಸ ಸ್ಕ್ರೀನ್. ಸ್ಕ್ರೀನಿನ ಎಡ ಅರ್ಧದಲ್ಲಿ ನೀರಿನ ನಕ್ಷೆ, ಬಲ ಅರ್ಧದಲ್ಲಿ ಚಾವಣಿಯ ಮೇಲೆ ಕೂರಿಸಿದ ಕ್ಯಾಮೆರಾ ಕಾಣುತ್ತಿರುವ ಚಿತ್ರ. ನಕ್ಷೆಯ ಮೇಲೆ ಯಾವುದಾದರೂ ಗುರುತನ್ನು ಬೆರಳಿನಿಂದ ಒತ್ತಿದರೆ ಕ್ಯಾಮೆರಾ ತಾನಾಗಿಯೇ ತಿರುಗಿ ಅದನ್ನು ಚಿತ್ರದ ಮಧ್ಯಕ್ಕೆ ತರಬೇಕು. ನಾನು ಒತ್ತಿದ್ದು ಕೆಂಪು ಪೀಪಾಯಿಯನ್ನು. ದೋಣಿಗಳಿಗೆ ದಾರಿ ತೋರಿಸಲು ನೀರಿನಲ್ಲಿ ಲಂಗರು ಹಾಕಿ ತೇಲಿಬಿಟ್ಟ ಗುರುತಿಗೆ ನಾವೆಲ್ಲ ಪೀಪಾಯಿ ಅನ್ನುತ್ತೇವೆ. ಕ್ಯಾಮೆರಾ ಗುಂಯ್ ಎಂದು ತಿರುಗಿತು, ನಿಂತಿತು, ಮಧ್ಯದಲ್ಲಿ ಬರೀ ನೀರು ತೋರಿಸಿತು. ಪೀಪಾಯಿ ಬಲಗಡೆಯ ಅಂಚಿನಲ್ಲಿ, ಗ್ರೂಪ್ ಫೋಟೋಕ್ಕೆ ತಡವಾಗಿ ಬಂದ ನೆಂಟನ ಹಾಗೆ, ಅರ್ಧ ಮುಖ ಹಾಕಿಕೊಂಡು ತೇಲುತ್ತಿತ್ತು.

"ಇನ್ನೊಂದ್ಸಲ ಒತ್ತು ಮಾವ," ಅಂದಳು ಗುಬ್ಬಿ.

ಒತ್ತಿದೆ. ಅದೇ ನೀರು, ಅದೇ ನೆಂಟ.

"ತಪಾಸಣೆ ಮೇಡಂ ಎಷ್ಟು ಗಂಟೆಗೆ ಬರ್ತಾರಂತೆ?" ಎಂದು ಕೇಳಿದೆ.

"ನಾಲ್ಕಕ್ಕೆ." ಗುಬ್ಬಿ ಗಡಿಯಾರ ನೋಡಲಿಲ್ಲ. ಎರಡೂಕಾಲು ಎಂದು ಎಲ್ಲರಿಗೂ ಗೊತ್ತಿತ್ತು.

ಗುಬ್ಬಿ ನನ್ನ ಅಕ್ಕನ ಒಬ್ಬಳೇ ಮಗಳು. ನೆಟ್ಟಗೆ ನಡೆಯುವುದನ್ನು ಕಲಿಯುವ ಮೊದಲೇ ಈ ಕೋಣೆಯ ಚಾವಣಿ ಹತ್ತಿ ಕೂರಲು ಕಲಿತಿದ್ದರಿಂದ ಆ ಹೆಸರು ಬಂತು, ಈಗ ಇಪ್ಪತ್ತೆರಡಾದರೂ ಹೋಗಿಲ್ಲ. ಹದಿನೈದು ದಿನದ ಹಿಂದೆ ಅವಳಿಗೆ ದೋಣಿ ನಡೆಸುವ ಲೈಸೆನ್ಸ್ ಸಿಕ್ಕಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ: ಬೆಳಗಿನ ಆರು ಗಂಟೆಯ ಮೊದಲ ಸರದಿ. ಆಸ್ಪತ್ರೆಯ ನರ್ಸುಗಳು, ಬೇಕರಿಯವರು, ಕಾರ್ಖಾನೆಯವರು ಆಚೆ ದಡಕ್ಕೆ ಹೋಗುವುದು ಅದರಲ್ಲೇ. ಇಷ್ಟು ವರ್ಷ ಅದನ್ನು ನಡೆಸಿದವರು ಅವಳಪ್ಪ, ಅಂದರೆ ನನ್ನ ಭಾವ. ಈಗ ಅವರ ಮೊಣಕಾಲು ರಾಜೀನಾಮೆ ಕೊಟ್ಟಿತ್ತು. ಆದರೆ ಈ ವರ್ಷ ಬಂದರು ಕಚೇರಿಯವರು ಹೊಸ ನಿಯಮ ತಂದಿದ್ದರು. ಮಂಜಿನ ತಿಂಗಳುಗಳಲ್ಲಿ ಎಂಟು ಗಂಟೆಗೆ ಮುಂಚೆ ಜನರನ್ನು ಕೂರಿಸಿಕೊಂಡು ಹೊರಡುವ ದೋಣಿಗೆ ಇಂಥದೊಂದು ಕ್ಯಾಮೆರಾ ಇರಬೇಕು, ಅದು ನಕ್ಷೆ ಹೇಳಿದ ಕಡೆ ತಪ್ಪದೆ ನೋಡಬೇಕು. ಇವತ್ತು ಪಾಸಾದರೆ ನಾಳೆಯಿಂದ ಸರದಿ ಗುಬ್ಬಿಯದು. ಇಲ್ಲದಿದ್ದರೆ ಮಂಜುಗಾಲ ಮುಗಿಯುವ ತನಕ ಪಕ್ಕದ ದೋಣಿಕಟ್ಟೆಯ ಕಬ್ಬಿಣದ ಲಾಂಚಿಗೆ.

ಬೆಳಗ್ಗೆಯಿಂದ ಕೆಲಸ ಚೆನ್ನಾಗಿಯೇ ನಡೆದಿತ್ತು. ನಾನು ದೋಣಿಗಳ ವೈರಿಂಗ್ ಮಾಡುವವನು. ಯಾರ ಬಳಿಯೂ ಕಲಿತದ್ದಲ್ಲ. ಮೊದಲನೇ ರೇಡಿಯೋ ಕೆಡಿಸಿ ಎರಡನೆಯದನ್ನು ರಿಪೇರಿ ಮಾಡಿದೆ. ಅಕ್ಕನ ಮದುವೆಯ ದಿನ ದೀಪದ ಸರ ಹಾಕುತ್ತೇನೆಂದು ಹೋಗಿ ಇಡೀ ಬೀದಿಯನ್ನೇ ಕತ್ತಲೆ ಮಾಡಿದೆ. ಅವತ್ತಿನಿಂದ ಭಾವನ ಬಾಯಲ್ಲಿ ನಾನು ಫ್ಯೂಸು.

ಕ್ಯಾಮೆರಾ ನೋಡಲು ಸಣ್ಣ ಕುಂಬಳಕಾಯಿಯಷ್ಟು ದುಂಡಗಿತ್ತು, ಮುಂಭಾಗದಲ್ಲಿ ಎರಡು ಕಣ್ಣು. ಒಂದು ಬೆಳಕು ನೋಡುತ್ತದೆ, ಇನ್ನೊಂದು ಬಿಸಿ ನೋಡುತ್ತದೆ. ಅದನ್ನು ಚಾವಣಿಯ ಮುಂದಿನ ಅಂಚಿಗೆ ಮೂಲೆಮಟ್ಟ ಹಿಡಿದು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಬೋಲ್ಟ್ ಬಿಗಿದೆ. ಒಂದು ಕೇಬಲ್ ಕರೆಂಟಿಗೆ, ಇನ್ನೊಂದು ಸ್ಕ್ರೀನಿಗೆ. ದೋಣಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಸ್ಕ್ರೀನಿಗೆ ಹೇಳುವ ದಿಕ್ಸೂಚಿಯ ಡಬ್ಬಿಯನ್ನು ಕೆಳಗೆ, ದೋಣಿಯ ಬೆನ್ನೆಲುಬಿನಂಥ ನಡುತೊಲೆಯ ನೇರಕ್ಕೆ ಕೂರಿಸಿದೆ. ಸ್ವಿಚ್ ಹಾಕಿದ ಕೂಡಲೇ ಕುಂಬಳಕಾಯಿ ಒಂದು ಸುತ್ತು ಪೂರ್ತಿ ತಿರುಗಿತು. ಚಾವಣಿಯ ಮೇಲೆ ನಿದ್ದೆ ಮಾಡುತ್ತಿದ್ದ ಕಡಲಹಕ್ಕಿ ಬೈದುಕೊಂಡು ಹಾರಿಹೋಯಿತು.

"ಫ್ಯೂಸೂ," ಅಂತ ಒಳಗಿನಿಂದ ಭಾವ ಕೂಗಿದರು, "ಊರೆಲ್ಲ ಆಕಾಶದಿಂದ ನೇತಾಡ್ತಿದೆಯಲ್ಲೋ."

ಇಂಥ ಕ್ಯಾಮೆರಾವನ್ನು ನಿಲ್ಲಿಸಿಯೂ ಹಾಕಬಹುದು, ನೇತುಹಾಕಿಯೂ ಹಾಕಬಹುದು. ಕಾರ್ಖಾನೆಯಿಂದ ಬರುವಾಗ ಇದು ನೇತಾಡುವ ಲೆಕ್ಕದಲ್ಲಿ ಬಂದಿತ್ತು. ಮೆನುವಿನಲ್ಲಿ ಅದನ್ನು ಬದಲಿಸಿದೆ. ಊರು ನೆಲಕ್ಕಿಳಿಯಿತು.

ಅಷ್ಟರಲ್ಲಿ ಆ ಕಬ್ಬಿಣದ ಲಾಂಚ್ ಬೇಕೆಂದೇ ಹತ್ತಿರದಿಂದ ಜೋರಾಗಿ ಹಾದುಹೋಯಿತು. ಅಲೆಗೆ ನಮ್ಮ ದೋಣಿ ತೊಟ್ಟಿಲಿನ ಹಾಗೆ ಓಲಾಡಿತು, ಭಾವನ ಕೈಯಲ್ಲಿದ್ದ ಚಹಾ ಅವರ ಅಂಗಿಗೆ ಹೋಯಿತು. ಸ್ಕ್ರೀನಿನ ಚಿತ್ರ ಮಾತ್ರ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ನಿಂತೇ ಇತ್ತು. ಒಳಗಿನ ಪುಟ್ಟ ಮೋಟಾರುಗಳು ದೋಣಿ ಎಷ್ಟು ವಾಲುತ್ತದೋ ಅಷ್ಟೇ ಎದುರು ವಾಲುತ್ತವೆ, ತಲೆಯ ಮೇಲೆ ತುಂಬಿದ ಕೊಡ ಹೊತ್ತವರ ಕತ್ತಿನ ಹಾಗೆ ಎಂದು ವಿವರಿಸಿದೆ.

"ಇಷ್ಟು ವರ್ಷ ಸಂಸಾರದಲ್ಲಿ ನಾನು ಮಾಡ್ಕೊಂಡ್ ಬಂದಿರೋದೂ ಅದೇ," ಅಂದಳು ಅಕ್ಕ.

"ಅದಕ್ಕೇ ದಿನಾ ಕತ್ತುನೋವು ಅಂತೀಯ," ಅಂದರು ಭಾವ, ಅಂಗಿ ಹಿಂಡಿಕೊಳ್ಳುತ್ತ.

ಆಮೇಲೆ ಬಿಸಿ ನೋಡುವ ಕಣ್ಣು ತೆರೆದೆವು. ಕಟ್ಟೆಯ ಮೇಲಿದ್ದ ಅಕ್ಕ ಸ್ಕ್ರೀನಿನಲ್ಲಿ ಬೂದುಬಣ್ಣದ ಬೊಂಬೆಯಾದಳು. ಕೈಯಲ್ಲಿದ್ದ ಕೆಟಲ್ ಬೆಳ್ಳಗೆ ಉರಿಯುತ್ತಿತ್ತು, ಮೂಗು ಮಾತ್ರ ಕಪ್ಪು. "ಅಮ್ಮಾ, ಮೂಗು ಮುಚ್ಕೋ, ತಣ್ಣಗಾಗಿದೆ," ಎಂದು ಗುಬ್ಬಿ ಕಿಟಕಿಯಿಂದ ಹೇಳಿದಳು. ಭಾವ ಕಟ್ಟೆಗೆ ಹೋಗಿ ಟೋಪಿ ತೆಗೆದರು. ಅವರ ಬೋಳುತಲೆ ಸ್ಕ್ರೀನಿನಲ್ಲಿ ಬಲ್ಬಿನ ಹಾಗೆ ಹೊತ್ತಿಕೊಂಡಿತು. ಗುಬ್ಬಿ ನಗುತ್ತ ನೆಲಕ್ಕೆ ಕುಕ್ಕರಿಸಿದಳು. ಭಾವ ಟೋಪಿಯನ್ನು ಮತ್ತೆ ಹಾಕಿಕೊಂಡರು, ಎಂದಿನ ಹಾಗೆ ಎಡಕ್ಕೆ ವಾಲಿಸಿ. ಆ ಟೋಪಿ ನೆಟ್ಟಗೆ ಕೂತದ್ದನ್ನು ನಾನು ನೋಡಿಲ್ಲ.

ಇಷ್ಟೆಲ್ಲ ಸುಸೂತ್ರವಾಗಿ ನಡೆದ ಮೇಲೆ ಈ ಮೆಳ್ಳೆಗಣ್ಣು.

"ನಕ್ಷೆನೇ ತಪ್ಪಿರ್ಬೇಕು," ಅಂದರು ಭಾವ. "ಕಳೆದ ವರ್ಷದ ಗಾಳಿಗೆ ಪೀಪಾಯಿ ಸರಿದಿರುತ್ತೆ."

ಸರಿ, ನೀರಿನಲ್ಲಿ ತೇಲದ ಒಂದನ್ನು ನೋಡೋಣ ಎಂದು ಆಚೆ ದಡದ ನೀರಿನ ಟ್ಯಾಂಕನ್ನು ಒತ್ತಿದೆ. ಕ್ಯಾಮೆರಾ ಟ್ಯಾಂಕಿನ ಎಡಕ್ಕಿದ್ದ ಯಾರದೋ ಮನೆಯ ಒಗೆದ ಬಟ್ಟೆಯ ಸಾಲನ್ನು ಶ್ರದ್ಧೆಯಿಂದ ತೋರಿಸಿತು.

"ಟ್ಯಾಂಕೂ ಸರಿದಿದೆಯೇನ್ರೀ?" ಎಂದು ಅಕ್ಕ ಕೇಳಿದಳು.

ದಿಕ್ಸೂಚಿಯ ಪಕ್ಕ ಏನಾದರೂ ಅಯಸ್ಕಾಂತ ಇದ್ದರೆ ಹೀಗಾಗುತ್ತದೆ. ಗುಬ್ಬಿ ಹೊಟ್ಟೆಯ ಮೇಲೆ ತೆವಳಿ ಹಲಗೆಯಡಿಯಿಂದ ಭಾವನ ಹಳೆಯ ಸ್ಪೀಕರ್, ಒಂದು ಸುತ್ತಿಗೆ, ಅಕ್ಕ ಎರಡು ವರ್ಷದಿಂದ ಹುಡುಕುತ್ತಿದ್ದ ಜಾಲರಿ ಸೌಟು, ಎಲ್ಲ ಹೊರತೆಗೆದಳು. ಅಕ್ಕನಿಗೆ ಸೌಟು ಸಿಕ್ಕಿತು, ಕ್ಯಾಮೆರಾ ಬದಲಾಗಲಿಲ್ಲ.

"ಬ್ರಾಕೆಟ್ ಬಿಚ್ಚಿ ಒಂಚೂರು ಬಲಕ್ಕೆ ತಿರುಗಿಸಿಬಿಡೋ," ಅಂದರು ಭಾವ. "ಕತೆ ಮುಗೀತು."

"ಯಾಕೆ ಅಂತ ಗೊತ್ತಾಗದೆ ತಿರುಗಿಸಿದ್ರೆ ನಾಳೆ ಇನ್ನೆಲ್ಲೋ ತಪ್ಪುತ್ತೆ ಭಾವ. ದೋಣಿ ಮೂತಿಯಿಂದ ಹಿಂದಿನ ಕಂಬದವರೆಗೆ ಒಂದು ದಾರ ಎಳೆದು ನೋಡೋಣ. ನಾನು ಕೋಣೆಯನ್ನ ನಂಬಿ ಕೂರಿಸಿದ್ದೀನಿ, ಅಷ್ಟೇ."

"ದಾರ ಯಾಕೆ? ದೋಣಿ ಏನು ಗೋಡೆಯಾ?" ಭಾವನ ದನಿ ಸ್ವಲ್ಪ ಏರಿತು. "ಈ ಕೋಣೆ ನನ್ನ ಕೈಯಾರೆ ಕಟ್ಟಿದ್ದು. ಇದರಲ್ಲಿ ದಾರ ಎಳೆಯೋಕೆ ಏನೂ ಇಲ್ಲ. ನಾನು ಇಂಜಿನ್ ನೋಡ್ತೀನಿ." ಅವರು ಹಿಂದಕ್ಕೆ ಹೋದರು. ಇಂಜಿನ್ನಿಗೆ ಏನೂ ಆಗಿರಲಿಲ್ಲ.

ಕೋಣೆಯ ವಿಷಯ ಈ ಮನೆಯಲ್ಲಿ ನಾಜೂಕಿನದು. ಭಾವ ಹೊಸಬರು ಯಾರೇ ದೋಣಿ ಹತ್ತಿದರೂ ಅದರ ಮೂಲೆಯ ಕೀಲುಗಳನ್ನು ಸವರಿ ತೋರಿಸುತ್ತಾರೆ. ಅಕ್ಕ ದೋಣಿಗಳಿಗೆ ಕ್ಯಾನ್ವಾಸ್ ಹೊದಿಕೆ ಹೊಲಿಯುವವಳು; ಸುತ್ತಲಿನ ಎಲ್ಲ ದೋಣಿಗಳಿಗೂ ಅವಳ ಹೊದಿಕೆ ಕೈಗವಸಿನ ಹಾಗೆ ಕೂರುತ್ತದೆ. ಮನೆಯ ದೋಣಿಗೆ ಹೊಲಿದದ್ದು ಮಾತ್ರ ಪ್ರತಿಸಲವೂ ಒಂದು ಮೂಲೆಯಲ್ಲಿ ಮುಕ್ಕಾಲು ಗೇಣು ಸಾಲದೆ ಬರುತ್ತದೆ. ಕೋಣೆ ಸೊಟ್ಟಗಿದೆ ಎಂದು ಅವಳು, ಕತ್ತರಿ ಸೊಟ್ಟಗಿದೆ ಎಂದು ಅವರು. ದೋಣಿಯ ಪಕ್ಕಗಳು ಮೊದಲೇ ಬಾಗಿರುವುದರಿಂದ ಬರಿಗಣ್ಣಿಗೆ ಯಾರ ಮಾತು ನಿಜ ಎಂದು ತಿಳಿಯುವುದಿಲ್ಲ. ನಾನು ಆ ಮನೆಯ ಊಟ ಉಣ್ಣುವವನು, ಸುಮ್ಮನಿರುತ್ತಿದ್ದೆ.

"ಒಂದು ಸುತ್ತು ಹೋಗಿಬರೋಣ," ಅಂದಳು ಗುಬ್ಬಿ. "ನಿಂತಲ್ಲೇ ನಿಂತು ಬೈದಾಡೋದಕ್ಕಿಂತ ಒಳ್ಳೇದು."

ಹಗ್ಗ ಬಿಚ್ಚಿ ಹೊರಟೆವು. ಭಾವ ಹಿಂದೆ ಇಂಜಿನ್ ಪಕ್ಕ, ಅಕ್ಕ ಹೊರಗಿನ ಬೆಂಚಿನ ಮೇಲೆ ತನ್ನ ಹೊಲಿಗೆ ಇಟ್ಟುಕೊಂಡು, ನಾವಿಬ್ಬರು ಒಳಗೆ. ಗುಬ್ಬಿ ಚಕ್ರ ಹಿಡಿಯುವುದನ್ನು ನೋಡುವುದೇ ಒಂದು ಚಂದ. ಕೈ ಬೆಣ್ಣೆಯಲ್ಲಿ ಆಡಿದ ಹಾಗೆ ಆಡುತ್ತಿತ್ತು. ದೋಣಿ ಕೆಂಪು ಪೀಪಾಯಿಯ ಕಡೆಗೆ ಗೆರೆ ಎಳೆದಂತೆ ಹೋಗುತ್ತಿತ್ತು. ಆದರೆ ಗಾಜಿನ ಮಧ್ಯಕ್ಕೆ ಸರಿಯಾಗಿ ನಿಂತಿದ್ದ ನನಗೆ ಪೀಪಾಯಿ ಮಧ್ಯದಲ್ಲಿ ಕಾಣಲಿಲ್ಲ. ಸ್ವಲ್ಪ ಬಲಕ್ಕಿತ್ತು.

"ಪೀಪಾಯಿ ಬಲಕ್ಕಿದೆಯಲ್ಲೇ," ಅಂದೆ.

"ಇರ್ಬೇಕು ಮಾವ. ಎರಡು ಬೆರಳು ಬಲಕ್ಕೆ. ಅಪ್ಪ ಮೊದಲನೇ ದಿನ ಹೇಳ್ಕೊಟ್ಟ ಪಾಠ." ಅವಳು ತೋಳು ಚಾಚಿ ಎರಡು ಬೆರಳು ಜೋಡಿಸಿ ಗಾಜಿನ ಮಧ್ಯದ ಪಟ್ಟಿಗೂ ಪೀಪಾಯಿಗೂ ನಡುವೆ ಹಿಡಿದಳು. ಅಳತೆ ಸರಿಹೋಯಿತು. "ಇಲ್ಲಿ ನೀರು ಬಲಕ್ಕೆ ಎಳೆಯುತ್ತೆ. ಮೂಗಿನ ನೇರಕ್ಕೆ ಹಿಡಿದ್ರೆ ದೋಣಿ ಬಲಕ್ಕೆ ಹೋಗಿಬಿಡುತ್ತೆ. ಅದಕ್ಕೇ ಗುರಿನ ಎರಡು ಬೆರಳು ಬಲಕ್ಕೆ ಇಟ್ಕೊಂಡು ಹೋಗೋದು."

ಪೀಪಾಯಿ ಸುತ್ತಿ ಹಿಂದಿರುಗಿದೆವು. ಈಗ ಗುರಿ ನಮ್ಮ ಕಟ್ಟೆಯ ತುದಿಯ ದೀಪದ ಕಂಬ. ಗುಬ್ಬಿಯ ಕೈ ತಾನಾಗಿಯೇ ಚಕ್ರವನ್ನು ತಿದ್ದಿತು. ಕಂಬ ಗಾಜಿನ ಮಧ್ಯದಿಂದ ಬಲಕ್ಕೆ ಸರಿದು ನಿಂತಿತು. ಎರಡು ಬೆರಳು.

ನನಗೆ ನೀರಿನ ವಿಷಯ ಹೆಚ್ಚು ತಿಳಿಯದು. ತಂತಿಯ ವಿಷಯ ಗೊತ್ತು. ತಂತಿಯಲ್ಲಿ ಹೋಗುವಾಗ ಒಂದು ಕಡೆ ಎಳೆದದ್ದು ಬರುವಾಗ ಇನ್ನೊಂದು ಕಡೆ ಎಳೆಯಬೇಕು.

"ಗುಬ್ಬಿ," ಅಂದೆ, "ಹೋಗುವಾಗ ನೀರು ಬಲಕ್ಕೆ ಎಳೆದ್ರೆ, ಬರುವಾಗ ಎಡಕ್ಕೆ ಎಳೀಬೇಕಲ್ವೇನೆ?"

ಅವಳು ಇಂಜಿನ್ನಿನ ವೇಗ ತಗ್ಗಿಸಿದಳು. ಸ್ಕ್ರೀನಿನಲ್ಲಿ ದೀಪದ ಕಂಬವನ್ನು ಒತ್ತಿದಳು. ಕ್ಯಾಮೆರಾ ತಿರುಗಿ ಕಂಬದ ಎಡಕ್ಕೆ ನೋಡಿತು. ಚಿತ್ರದ ಕೆಳಗಿನ ಅಳತೆಪಟ್ಟಿಯಲ್ಲಿ ನಾನು ಎಣಿಸಿದೆ: ನಾಲ್ಕು ಡಿಗ್ರಿ. ಚಾಚಿದ ತೋಳಿನ ತುದಿಯ ಎರಡು ಬೆರಳು ಅಂದರೆ ಹೆಚ್ಚುಕಡಿಮೆ ಅಷ್ಟೇ.

"ನೀರಲ್ಲ ಮಾವ," ಅಂದಳು ಪಿಸುಮಾತಿನಲ್ಲಿ.

"ಅಲ್ಲ."

"ಕೋಣೆ."

"ಹೂಂ. ದಿಕ್ಸೂಚಿ ನಡುತೊಲೆ ನೋಡ್ತಿದೆ, ಕ್ಯಾಮೆರಾ ಕೋಣೆ ನೋಡ್ತಿದೆ. ಎರಡೂ ಒಂದೇ ಕಡೆ ಮುಖ ಮಾಡಿಲ್ಲ."

ಅವಳು ಹಿಂದೆ ತಿರುಗಿ ನೋಡಿದಳು. ಭಾವ ಇಂಜಿನ್ ಪಕ್ಕದಲ್ಲಿ ಎಣ್ಣೆಬಟ್ಟೆ ಹಿಡಿದು, ಒರೆಸಿದ್ದನ್ನೇ ಒರೆಸುತ್ತ ಕೂತಿದ್ದರು. "ಅಪ್ಪಂಗೆ ಹೇಳ್ಬೇಡ," ಅಂದಳು. "ಅಮ್ಮಂಗಂತೂ ಬೇಡವೇ ಬೇಡ. ಮೆನುನಲ್ಲಿ ತಿದ್ದೋಕೆ ಜಾಗ ಇದೆ ಅಲ್ವಾ?"

ಇತ್ತು. 'ಬಲಕ್ಕೆ ನಾಲ್ಕು' ಎಂದು ಹಾಕಿದೆ. ಪೀಪಾಯಿ ಒತ್ತಿದೆವು, ಪೀಪಾಯಿ ಮಧ್ಯಕ್ಕೆ ಬಂತು. ಟ್ಯಾಂಕ್ ಒತ್ತಿದೆವು, ಟ್ಯಾಂಕ್ ಬಂತು; ಬಟ್ಟೆ ಒಣಹಾಕಿದವರ ಮಾನ ಉಳಿಯಿತು. ಗುಬ್ಬಿ ಸದ್ದಿಲ್ಲದೆ ನನ್ನ ಬೆನ್ನಿಗೆ ನಾಲ್ಕು ಗುದ್ದು ಹಾಕಿದಳು. ಅವಳಿಗೆ ಖುಷಿಯಾದರೆ ಪಕ್ಕದಲ್ಲಿರುವವರಿಗೆ ನೋವು.

ತಪಾಸಣೆ ಮೇಡಂ ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಬಂದು, ಕಟ್ಟೆಯ ಮೇಲೆ ನಿಂತು, ನಾಲ್ಕಾದ ಮೇಲೆ ದೋಣಿ ಹತ್ತಿದರು. ಕೊರಳಿಗೆ ದಾರದಲ್ಲಿ ಕನ್ನಡಕ, ಕೈಯಲ್ಲಿ ರಟ್ಟಿಗೆ ಕ್ಲಿಪ್ ಹಾಕಿದ ಕಾಗದ. ಭಾವ ಕೋಣೆಯ ಕೀಲುಗಳನ್ನು ತೋರಿಸಲು ಶುರುಮಾಡಿದರು.

"ನಿಮ್ಮ ಬಾಯಿ ಆಮೇಲೆ," ಅಂದರು ಮೇಡಂ. "ಮೊದಲು ನನ್ನ ಕಣ್ಣು."

ತಾವೇ ಒತ್ತಿದರು. ಕೆಂಪು ಪೀಪಾಯಿ, ಹಸಿರು ಪೀಪಾಯಿ, ಟ್ಯಾಂಕು, ದೀಪದ ಕಂಬ. ಗುಬ್ಬಿಗೆ ದೋಣಿ ಅಲ್ಲಾಡಿಸಲು ಹೇಳಿ ಮತ್ತೆ ಒತ್ತಿದರು. ಎಲ್ಲವೂ ಮಧ್ಯಕ್ಕೇ ಬಂದವು. ಕಾಗದದಲ್ಲಿ ಒಂದೊಂದೇ ಗೀಟು ಬೀಳುತ್ತಿತ್ತು. ಕೊನೆಯ ಗೀಟಿಗೆ ಮುಂಚೆ ಮೆನು ತೆರೆದರು.

"ಇದೇನು ನಾಲ್ಕು?"

ನಾನು ಮುಂದೆ ಬಂದೆ. "ಅದು ನಾನು ಮೇಡಂ. ಕೂರಿಸುವಾಗ ಸ್ವಲ್ಪ ಸೊಟ್ಟ ಆಯ್ತು. ಮೆನುನಲ್ಲಿ ಸರಿ ಮಾಡಿದ್ದೀನಿ."

"ಸೊಟ್ಟ ಕೂರಿಸಿದ್ದು ಅಂದ್ರೆ ಸಡಿಲ ಕೂತಿರಬಹುದು. ಇವತ್ತು ನಾಲ್ಕು, ನಾಳೆ ಮಂಜಲ್ಲಿ ಒಂಬತ್ತು. ಬಿಚ್ಚಿ, ನೆಟ್ಟಗೆ ಕೂರಿಸಿ. ಮುಂದಿನ ತಿಂಗಳು ಬಂದು ನೋಡ್ತೀನಿ." ಪೆನ್ನು ಇನ್ನೊಂದು ಚೌಕದ ಕಡೆ ಹೋಯಿತು.

ಗುಬ್ಬಿ ಅಪ್ಪನ ಕಡೆ ನೋಡಲಿಲ್ಲ. ಚಕ್ರದ ಮೇಲಿನ ಒಂದು ಗೀರನ್ನು ಉಗುರಿನಿಂದ ಕೆರೆಯುತ್ತ ನಿಂತಳು.

ಭಾವ ಟೋಪಿ ತೆಗೆದರು.

"ಮೇಡಂ, ಫ್ಯೂಸು ಸುಳ್ಳು ಹೇಳ್ತಿದ್ದಾನೆ. ಅವನು ಕೂರಿಸಿದ್ದು ನೆಟ್ಟಗೇ ಇದೆ. ಸೊಟ್ಟ ಇರೋದು ಕೋಣೆ."

ಹೊರಗೆ ಬೆಂಚಿನ ಮೇಲೆ ಅಕ್ಕನ ಸೂಜಿ ನಿಂತಿತು.

"ಇಪ್ಪತ್ತೆರಡು ವರ್ಷದ ಹಿಂದೆ ಈ ಕಟ್ಟೆಗೇ ದೋಣಿ ಕಟ್ಟಿ ಕೋಣೆ ಕಟ್ಟೋಕೆ ಶುರುಮಾಡಿದ್ದೆ," ಅಂದರು ಭಾವ. "ಮೂತಿಯಿಂದ ಹಿಂದಿನ ಕಂಬಕ್ಕೆ ನೂಲು ಹಿಡಿದು ಗುರುತು ಹಾಕ್ಬೇಕು, ಅದೇ ಕ್ರಮ. ನೂಲು ಕೈಲಿ ಹಿಡಿದಿದ್ದೆ. ಅಷ್ಟರಲ್ಲಿ ಇವನೇ, ಈ ಫ್ಯೂಸೇ, ಕಟ್ಟೆ ಮೇಲೆ ಓಡಿ ಬಂದು ಹೆಣ್ಣುಮಗು ಭಾವ ಅಂದ. ದೋಣಿಯಿಂದ ಹಾರಿದೆ. ನೂಲು ನೀರಿಗೆ ಬಿತ್ತು. ಮುಂದಿನ ಹಗ್ಗ ಕಾಲಿಗೆ ಸಿಕ್ಕಿ ಸಡಿಲ ಆಗಿದ್ದೂ ಗೊತ್ತಾಗಲಿಲ್ಲ. ಆಸ್ಪತ್ರೆಗೆ ಹೋಗಿ ಮಗೂನ ನೋಡ್ದೆ. ನನ್ನ ಹೆಬ್ಬೆರಳು ಹಿಡ್ಕೊಂಡು ಬಿಡಲಿಲ್ಲ ಮೇಡಂ, ಮೂರು ಗಂಟೆ ಕಾಲ. ಸಂಜೆ ವಾಪಸ್ ಬಂದಾಗ ಕೈಕಾಲು ನಿಲ್ತಿರಲಿಲ್ಲ. ಏನಾದ್ರೂ ಬಡೀಬೇಕು ಅನ್ನಿಸ್ತಿತ್ತು. ನೂಲು ಇಲ್ಲ. ಕಟ್ಟೆ ಅಂಚು ನೋಡ್ಕೊಂಡು ಅದಕ್ಕೆ ಸಮ ಗುರುತು ಹಾಕಿ ಮೊಳೆ ಹೊಡೆದುಬಿಟ್ಟೆ. ದೋಣಿ ಮೂತಿ ಕಟ್ಟೆಯಿಂದ ದೂರ ಸರಿದಿತ್ತು ಅಂತ ಎರಡು ದಿನ ಆದ್ಮೇಲೆ ಗೊತ್ತಾಯ್ತು."

"ಬಿಚ್ಚಿ ಕಟ್ಟಬಹುದಿತ್ತಲ್ಲ?" ಅಂದರು ಮೇಡಂ.

"ಕಟ್ಟಬಹುದಿತ್ತು. ಅಷ್ಟರಲ್ಲಿ ಇವಳಮ್ಮ ಆಸ್ಪತ್ರೆಯಿಂದ ಬರ್ತಾನೇ ದೋಣಿ ನೋಡಿ, ಕೋಣೆ ಎಷ್ಟು ಚೆನ್ನಾಗಿದೆ ಅಂದಳು. ಬಿಚ್ಚೋಕೆ ಮನಸ್ಸು ಬರಲಿಲ್ಲ."

"ನಾನು ಹಾಗಂದಿದ್ನಾ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬಗಲಲ್ಲಿ ಕ್ಯಾನ್ವಾಸ್ ಕತ್ತರಿಸುವ ದೊಡ್ಡ ಕತ್ತರಿ.

"ಅಂದಿದ್ದೆ."

"ಆಮೇಲೆ ಇಪ್ಪತ್ತೆರಡು ವರ್ಷ ನನ್ನ ಕತ್ತರಿನ ಬೈದ್ರಿ."

"ಬೈದೆ."

"ಹಾಗಾದ್ರೆ ಇದರ ಕ್ಷಮೆ ಕೇಳಿ. ನನ್ನದು ಬೇಡ."

ಭಾವ ಮೇಡಂ ಕಡೆ ನೋಡಿದರು. ಮೇಡಂ ಕಾಗದ ನೋಡುತ್ತಿದ್ದರು. "ತಪ್ಪಾಯ್ತು ಮಾರಾಯ್ತಿ," ಅಂದರು ಭಾವ ಕತ್ತರಿಗೆ. ಗುಬ್ಬಿ ಮುಖವನ್ನು ಕಿಟಕಿಯ ಹೊರಗೆ ಹಾಕಿ ಭುಜ ಅಲುಗಿಸುತ್ತ ನಿಂತಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು.

"ಬಾಯಿಮಾತು ಸಾಲದು," ಅಂದರು ಮೇಡಂ. "ದಾರ ಇದೆಯಾ?"

ಅಕ್ಕನ ಬಳಿ ದಾರಕ್ಕೆ ಬರವೇ? ಮೇಣ ಹಚ್ಚಿದ ಕ್ಯಾನ್ವಾಸ್ ದಾರವನ್ನು ಮೂತಿಯಿಂದ ಹಿಂದಿನ ಕಂಬದವರೆಗೆ, ಚಾವಣಿಯ ಮೇಲೆ ಬಿಗಿಯಾಗಿ ಎಳೆದೆವು. ಮುಂದೆ ಗುಬ್ಬಿ, ಹಿಂದೆ ಭಾವ. ಮೇಡಂ ಬೂಟು ಬಿಚ್ಚಿ ಏಣಿ ಹತ್ತಿದರು. ಚಾವಣಿಯ ನಡುಗೆರೆ ದಾರದ ಜೊತೆ ಹೊರಟು, ಹೋಗಹೋಗುತ್ತ, ಜಗಳವಾಡಿಕೊಂಡವರ ಹಾಗೆ, ಎಡಕ್ಕೆ ಸರಿದುಕೊಂಡಿತ್ತು. ಅವರು ಕೋನ ಅಳೆದರು. ನಾಲ್ಕು. ಕೋಣೆಯ ನಾಲ್ಕು ಮೂಲೆಗೂ ಭುಜ ಕೊಟ್ಟು ನೂಕಿ ನೋಡಿದರು. ಕೋಣೆ ಕಮಕ್ ಕಿಮಕ್ ಎನ್ನಲಿಲ್ಲ.

"ಇಷ್ಟು ವರ್ಷದಲ್ಲಿ ಅಲುಗಾಡಿಲ್ವಾ?"

"ಒಂದು ಮೊಳೆನೂ ಸಡಿಲ ಆಗಿಲ್ಲ ಮೇಡಂ," ಅಂದರು ಭಾವ. ಈಗ ಅವರ ದನಿಯಲ್ಲಿ ಹಳೆಯ ಠೀವಿ ವಾಪಸು ಬಂದಿತ್ತು. "ಸೊಟ್ಟ ಕಟ್ಟಿದ್ದೀನಿ. ಕೆಟ್ಟದಾಗಿ ಕಟ್ಟಿಲ್ಲ."

ಮೇಡಂ ಕನ್ನಡಕ ಏರಿಸಿ ಬರೆದರು, ಬರೆಯುವುದನ್ನು ಗಟ್ಟಿಯಾಗಿ ಓದುತ್ತ. "ಕೋಣೆ ಓರೆ. ಭದ್ರ. ತಿದ್ದುಪಡಿ ಬಲಕ್ಕೆ ನಾಲ್ಕು ಡಿಗ್ರಿ. ಪಾಸ್." ಪೆನ್ನು ನಿಂತಿತು. "ಓರೆಯಾಗೋಕೆ ಕಾರಣ ಅಂತ ಒಂದು ಕಾಲಂ ಇದೆ. ಏನು ಬರೀಲಿ?"

ಭಾವ ಗುಬ್ಬಿಯ ಕಡೆ ನೋಡಿದರು. "ಹೆಣ್ಣುಮಗು ಅಂತ ಬರೀರಿ."

ಮೇಡಂ ಒಂದು ಗಳಿಗೆ ಯೋಚಿಸಿದರು. ಆಮೇಲೆ ಹಾಗೆಯೇ ಬರೆದು, ಕೆಳಗೆ ಸಹಿ ಹಾಕಿ, ಕಾಗದವನ್ನು ಗುಬ್ಬಿಯ ಕೈಗಿತ್ತು, ಬೂಟು ಹಾಕಿಕೊಂಡು ಇಳಿದು ಹೋದರು.

ಗುಬ್ಬಿ ಆ ಕಾಗದವನ್ನು ಮೂರು ಸಲ ಓದಿದಳು. "ನಾನು ಹುಟ್ಟಿದ್ದಕ್ಕೆ ಇಡೀ ದೋಣಿ ಸೊಟ್ಟ ಆಯ್ತಾ ಅಪ್ಪ?"

"ದೋಣಿ ನೆಟ್ಟಗಿದೆ. ಕೋಣೆ ಮಾತ್ರ," ಅಂದರು ಭಾವ. "ನೀನು ಹೂಂ ಅಂದ್ರೆ ಮಂಜುಗಾಲ ಮುಗಿದ ಕೂಡಲೇ ಬಿಚ್ಚಿ ನೆಟ್ಟಗೆ ಕಟ್ಟಿಕೊಡ್ತೀನಿ."

"ಬೇಡ ಅಪ್ಪ. ಕೈಗೆ ಅಭ್ಯಾಸ ಆಗಿದೆ." ಅವಳು ಕಾಗದ ಮಡಿಸಿದಳು. "ನೀರಿನ ಕತೆ ಮಾತ್ರ ಇನ್ನು ಯಾರಿಗೂ ಹೇಳ್ಬೇಡ. ಲೈಸೆನ್ಸ್ ಪರೀಕ್ಷೇಲಿ ಕಚೇರಿಯವರ ದೋಣಿ ಎಡಕ್ಕೆ ಹೋದಾಗ, ಇವತ್ತು ನೀರು ಯಾಕೋ ಎಳೀತಿಲ್ಲ ಸಾರ್ ಅಂದಿದ್ದೆ. ಅವರು ನನ್ನ ಮುಖ ಹೇಗೆ ನೋಡಿದ್ರು ಅಂತ ಈಗ ಅರ್ಥ ಆಗ್ತಿದೆ."

ಮರುದಿನ ಬೆಳಗ್ಗೆ ಹೇಳಿ ಕರೆಸಿದ ಹಾಗೆ ಮಂಜು ಬಂದಿತ್ತು. ಕಟ್ಟೆಯ ತುದಿಯ ದೀಪ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು. ನರ್ಸುಗಳು, ಬೇಕರಿಯವರು ಶಾಲು ಹೊದ್ದುಕೊಂಡು ಒಬ್ಬೊಬ್ಬರೇ ಹತ್ತಿದರು. ಒಬ್ಬ ಬೇಕರಿಯವನು ಚಾವಣಿಯ ದುಂಡಗಿನದನ್ನು ನೋಡಿ ಅದೇನು ಎಂದ. ನೋಡಲು ಇಟ್ಟಿರುವ ತಲೆ ಎಂದು ಗುಬ್ಬಿ ಹೇಳಿದ್ದು ಕೇಳಿಸಿತು. ಆರಕ್ಕೆ ಸರಿಯಾಗಿ ಹಗ್ಗ ಬಿಚ್ಚಿದಳು. ಅಪ್ಪ ಹಗ್ಗ ಹಿಡಿದು ದೋಣಿ ಹತ್ತಲು ಹೋದರೆ, "ನೀನು ಪ್ಯಾಸೆಂಜರೂ ಅಲ್ಲ, ಸಿಬ್ಬಂದೀನೂ ಅಲ್ಲ, ಕಟ್ಟೆ ಮೇಲೇ ಇರು," ಎಂದು ನಕ್ಕಳು.

ದೋಣಿ ಮೆಲ್ಲಗೆ ದೂರವಾಯಿತು. ನಾವು ಮೂವರು ಕಟ್ಟೆಯ ಮೇಲೆ ಸಾಲಾಗಿ ನಿಂತೆವು. ಅಕ್ಕನ ಕೈಯಲ್ಲಿ ಚಹಾದ ಕೆಟಲ್ ಇತ್ತು, ಯಾರಿಗೂ ಸುರಿಯುವ ನೆನಪಿರಲಿಲ್ಲ.

"ಎರಡು ಬೆರಳು ಹಿಡಿದಿದ್ದಾಳೆ ತಾನೇ?" ಅಂದರು ಭಾವ.

"ಹಿಡಿದೇ ಇರ್ತಾಳೆ," ಅಂದಳು ಅಕ್ಕ. "ಇಲ್ಲಿ ನೀರು ಬಲಕ್ಕೆ ಎಳೆಯುತ್ತಲ್ಲ."

ದೋಣಿ ಬರೀ ನೆರಳಾಗಿತ್ತು. ಅದು ಪೂರ್ತಿ ಕರಗುವ ಮುಂಚೆ, ಚಾವಣಿಯ ಮೇಲಿನ ದುಂಡುತಲೆ ಮುಂದೆ ನೋಡುವುದನ್ನು ಒಂದು ಗಳಿಗೆ ಬಿಟ್ಟು ಹಿಂದಕ್ಕೆ ತಿರುಗಿತು, ನಮ್ಮತ್ತ ನಿಂತು ನೋಡಿತು. ನಮಗೆ ಅವಳು ಕಾಣುತ್ತಿರಲಿಲ್ಲ. ಅವಳ ಸ್ಕ್ರೀನಿನಲ್ಲಿ ನಾವು ಮೂರು ಬೆಚ್ಚಗಿನ ಗೊಂಬೆಗಳು, ನಡುವೆ ಉರಿಯುವ ಒಂದು ಕೆಟಲ್. ಭಾವ ಗಡಿಬಿಡಿಯಿಂದ ಟೋಪಿ ನೆಟ್ಟಗೆ ಮಾಡಿಕೊಂಡರು. ಅಕ್ಕ ಕೈ ಚಾಚಿ ಅದನ್ನು ಎರಡು ಬೆರಳು ಎಡಕ್ಕೆ ಸರಿಸಿದಳು.